ಬಿಸಿಲಿನಲ್ಲಿ ಮೈನಸ್ 40

ಕೇಳುಗರಿಗೆ ನಮಸ್ಕಾರ.

ಬಿಸಿಲು ಚುರುಗುಟ್ಟುವ ಒಂದು ದಿನ. ಕಾರಿನ ಬಾನೆಟ್ ಎತ್ತಿಟ್ಟು, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಕೈಯಲ್ಲಿ ಸ್ಕ್ಯಾನರ್ ಇತ್ತು, ಕಾರಿನ ಕಂಪ್ಯೂಟರ್ ಹೇಳುವುದನ್ನು ಓದಿ ತೋರಿಸುವ ಸಾಧನ. ಇಂಜಿನ್ ಎಳೆದುಕೊಳ್ಳುತ್ತಿರುವ ಗಾಳಿಯ ತಾಪಮಾನ ಮೈನಸ್ 40 ಡಿಗ್ರಿ ಎಂದು ಅದು ತೋರಿಸುತ್ತಿತ್ತು. ಪಕ್ಕದಲ್ಲೇ ಪಿ0113 ಎಂಬ ದೋಷದ ಕೋಡ್. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಇಂಜಿನ್ ದೀಪ.

ಗಾಳಿಯ ತಾಪಮಾನ ಅಳೆಯುವ ಸೆನ್ಸರ್ ಕೆಟ್ಟಿದೆ, ಇದರಲ್ಲಿ ಯೋಚನೆ ಮಾಡುವುದೇನಿದೆ ಅಂದುಕೊಂಡೆ. ಹೊಸದು ತಂದು ಹಾಕಿದೆ. ಮತ್ತೆ ಮೈನಸ್ 40.

ಆಮೇಲೆ ಗೊತ್ತಾಯಿತು. ಎರಡು ದಿನದ ಹಿಂದೆ ಏರ್ ಫಿಲ್ಟರ್ ಬದಲಿಸುವಾಗ ಸೆನ್ಸರಿನ ಕನೆಕ್ಟರನ್ನು ವೈರ್ ಹಿಡಿದು ಎಳೆದಿದ್ದೆ. ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಇತ್ತು, ಒಳಗಿನ ತಂತಿ ತುಂಡಾಗಿತ್ತು. ತಪ್ಪು ನನ್ನದು, ದಂಡ ಸೆನ್ಸರಿಗೆ! ನನ್ನ ಹಾಗೆ ನೀವು ಸುಮ್ನೆ ದುಡ್ಡು ಕಳೆಯಬಾರದಲ್ವಾ? ಅದಕ್ಕೇ ಈ ಮಾತು.

ಈ ಸೆನ್ಸರ್ ಬಹಳ ಸರಳವಾದ ವಸ್ತು. ಇದರೊಳಗೆ ಥರ್ಮಿಸ್ಟರ್ ಎಂಬ ಸಣ್ಣ ಮಣಿ ಇರುತ್ತದೆ. ಬಿಸಿಯಾದಷ್ಟೂ ಅದರ ವಿದ್ಯುತ್ ತಡೆ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಬಹಳ ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ನಿಖರವಾದ ಅಂಕಿ ಬೇಕೆಂದರೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ ನೋಡಬೇಕು. ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಅದರಲ್ಲಿ ಎಷ್ಟು ಉಳಿದಿದೆ ಎಂದು ಅಳೆದು ತಾಪಮಾನ ಲೆಕ್ಕ ಹಾಕುತ್ತದೆ.

ವೈರ್ ತುಂಡಾದರೆ ಕರೆಂಟ್ ಹರಿಯುವುದೇ ಇಲ್ಲ. 5 ವೋಲ್ಟ್ ಹಾಗೇ ಉಳಿಯುತ್ತದೆ. ಇಸಿಯುಗೆ ತಡೆ ವಿಪರೀತ ಜಾಸ್ತಿ ಇರುವಂತೆ ಕಾಣುತ್ತದೆ, ಅಂದರೆ ಕೊರೆಯುವ ಚಳಿ. ಅಲ್ಲಿಂದ ಬಂದದ್ದು ಆ ಪಿ0113, ಆ ಮೈನಸ್ 40. ತಮಾಷೆಯ ಅಂಕಿ ಅದು. ಸೆಲ್ಸಿಯಸ್‌ನಲ್ಲೂ ಫ್ಯಾರನ್‌ಹೀಟ್‌ನಲ್ಲೂ ಒಂದೇ! ಎರಡು ವೈರ್ ಒಂದಕ್ಕೊಂದು ತಗುಲಿದರೆ ಕಥೆ ತಿರುಗುಮುರುಗು. ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ಸ್ಕ್ಯಾನರ್ 140, 150 ಡಿಗ್ರಿ ಎಂದು ಬೊಬ್ಬೆ ಹಾಕುತ್ತದೆ. ಆಗ ಬರುವ ಕೋಡ್ ಪಿ0112.

ಗಾಳಿಯ ಬಿಸಿ ಇಂಜಿನ್ನಿಗೆ ಯಾಕೆ ಬೇಕು? ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.29 ಕಿಲೋ ತೂಗಿದರೆ, 40 ಡಿಗ್ರಿಯಲ್ಲಿ 1.13 ಕಿಲೋ. ಗಾಳಿ ಎಷ್ಟೋ ಅದಕ್ಕೆ ತಕ್ಕಷ್ಟು ಪೆಟ್ರೋಲ್. ಸೆನ್ಸರ್ ಚಳಿ ಎಂದು ಸುಳ್ಳು ಹೇಳಿದರೆ ಇಸಿಯು ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಸ್ಟಾರ್ಟ್ ಆಗಲು ಗಾಡಿ ಸತಾಯಿಸುತ್ತದೆ, ಐಡ್ಲಿಂಗ್ ಒರಟಾಗುತ್ತದೆ, ಮೈಲೇಜ್ ಬೀಳುತ್ತದೆ. ವಿಪರೀತ ಬಿಸಿ ಎಂದು ಹೇಳಿದರೆ ಇಸಿಯು ಸ್ಪಾರ್ಕನ್ನು ತಡ ಮಾಡುತ್ತದೆ, ಪಿಕಪ್ ಸಾಯುತ್ತದೆ. ಇಂಜಿನ್ ಬಿಸಿಯಾದ ಮೇಲೆ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಪೆಟ್ರೋಲಿನ ತಪ್ಪನ್ನು ಒಂದಷ್ಟು ಸರಿ ಮಾಡುತ್ತದೆ. ಹಾಗಾಗಿ ಎಷ್ಟೋ ಸಲ ತೊಂದರೆ ಬೆಳಗಿನ ಮೊದಲ ಕೆಲವು ನಿಮಿಷ ಕಾಣಿಸಿಕೊಂಡು ಮಾಯವಾಗುತ್ತದೆ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಗಾಡಿ ಸಾಧುವಾಗಿರುತ್ತದೆ. ನಾವು ಹೇಳಿದ್ದನ್ನು ಮೆಕ್ಯಾನಿಕ್ ನಂಬುವುದಿಲ್ಲ.

ಸರಿ, ಪರೀಕ್ಷೆಗೆ ಬರೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆಗೆ ಪಾನಾ, ಸ್ಕ್ರೂಡ್ರೈವರ್ ಏನೂ ಬೇಡ. ಗಾಡಿಯನ್ನು ರಾತ್ರಿಯಿಡೀ ನೆರಳಿನಲ್ಲಿ ನಿಲ್ಲಿಸಿ. ಬೆಳಗ್ಗೆ ಇಂಜಿನ್ ಸ್ಟಾರ್ಟ್ ಮಾಡದೆ, ಬರೀ ಕೀ ಆನ್ ಮಾಡಿ ಸ್ಕ್ಯಾನರಿನಲ್ಲಿ ಎರಡು ಅಂಕಿ ನೋಡಿ. ಒಂದು ಇಂಜಿನ್ ಎಳೆದುಕೊಳ್ಳುವ ಗಾಳಿಯ ತಾಪಮಾನ, ಇನ್ನೊಂದು ಕೂಲೆಂಟಿನದು, ಅಂದರೆ ಇಂಜಿನ್ನನ್ನು ತಂಪಾಗಿಡುವ ದ್ರವದ್ದು. ರಾತ್ರಿಯಿಡೀ ಒಂದೇ ಚಳಿಯಲ್ಲಿ ಮಲಗಿದ ಎರಡೂ ಹೆಚ್ಚು ಕಡಿಮೆ ಒಂದೇ ಅಂಕಿ ಹೇಳಬೇಕು. ಮೂರು ನಾಲ್ಕು ಡಿಗ್ರಿ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ಹದಿನೈದು ಡಿಗ್ರಿ ವ್ಯತ್ಯಾಸವಿದ್ದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಯಾವುದು ಎಂದು ತಿಳಿಯಲು ಹೊರಗಿನ ಗಾಳಿಯನ್ನು ಒಂದು ಥರ್ಮಾಮೀಟರಿನಲ್ಲಿ ನೋಡಿದರೆ ಸಾಕು.

ಈ ಪರೀಕ್ಷೆಯನ್ನು ಗಾಡಿ ಓಡಿಸಿ ನಿಲ್ಲಿಸಿದ ಕೂಡಲೇ ಮಾಡಬೇಡಿ. ಬಾನೆಟ್ಟಿನೊಳಗಿನ ಕಾವಿಗೆ ಸೆನ್ಸರ್ 60, 70 ಡಿಗ್ರಿ ತೋರಿಸಬಹುದು. ಅದು ಸುಳ್ಳಲ್ಲ, ಅಲ್ಲಿ ನಿಜವಾಗಿಯೂ ಅಷ್ಟು ಬಿಸಿ ಇರುತ್ತದೆ. ಗಾಡಿ ಓಡಿ ಗಾಳಿ ಹರಿದರೆ ಅಂಕಿ ತಾನಾಗಿ ಇಳಿಯುತ್ತದೆ. ಇಳಿಯದೆ ಅಂಟಿಕೊಂಡು ಕುಳಿತರೆ ಆಗ ಅನುಮಾನಿಸಿ.

ಎರಡನೆಯದು, ನಾನು ಮಾಡದೆ ಬಿಟ್ಟ ಪರೀಕ್ಷೆ. ಮೊದಲು ಕನೆಕ್ಟರನ್ನು ನೋಡಿ. ಪಿನ್ನಿನಲ್ಲಿ ಹಸಿರು ಕಿಲುಬು ಹತ್ತಿದೆಯೇ, ಲಾಕ್ ಟಕ್ ಎಂದು ಕೂತಿದೆಯೇ, ಇಲಿ ವೈರ್ ಕಡಿದಿದೆಯೇ. ಸ್ಕ್ಯಾನರ್ ನೋಡುತ್ತಾ ವೈರನ್ನು ಮೆಲ್ಲಗೆ ಅಲುಗಾಡಿಸಿ. ಅಂಕಿ ಕುಣಿದರೆ ಕಳ್ಳ ಸಿಕ್ಕಿದ ಹಾಗೆ. ಕುಣಿಯದಿದ್ದರೆ ಕನೆಕ್ಟರ್ ಕಳಚಿ. ಅಂಕಿ ಮೈನಸ್ 40ಕ್ಕೆ ಇಳಿಯಬೇಕು. ಈಗ ವೈರಿನ ಕಡೆಯ ಎರಡು ಪಿನ್ನುಗಳನ್ನು ಒಂದು ಸಣ್ಣ ತಂತಿಯಿಂದ ಜೋಡಿಸಿ. ಅಂಕಿ ಒಮ್ಮೆಲೇ ಮೇಲಕ್ಕೆ ಹಾರಬೇಕು. ಎರಡೂ ಹಾಗೇ ಆದರೆ ವೈರ್ ಸರಿ, ಇಸಿಯು ಸರಿ, ಉಳಿದದ್ದು ಸೆನ್ಸರ್. ಪಿನ್ ಜೋಡಿಸಿದರೂ ಅಂಕಿ ಮೈನಸ್ 40ರಲ್ಲೇ ನಿಂತರೆ ಹೊಸ ಸೆನ್ಸರ್ ತರಬೇಡಿ, ವೈರ್ ಹುಡುಕಿ. ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಒಂದು ಎಚ್ಚರಿಕೆ. ಇದು ಎರಡೇ ವೈರ್ ಇರುವ ಬಿಡಿ ಸೆನ್ಸರಿಗೆ ಮಾತ್ರ. ಬಹಳ ಗಾಡಿಗಳಲ್ಲಿ ಇದು ಗಾಳಿಯ ಪ್ರಮಾಣ ಅಳೆಯುವ ಸೆನ್ಸರಿನೊಳಗೇ ಕೂತಿರುತ್ತದೆ. ಅಲ್ಲಿ ನಾಲ್ಕೈದು ಪಿನ್, ಒಂದರಲ್ಲಿ 12 ವೋಲ್ಟ್ ಬೇರೆ. ವೈರಿಂಗ್ ಚಿತ್ರ ಇಲ್ಲದೆ ಅಲ್ಲಿ ತಂತಿ ಹಾಕಿದರೆ ಇಸಿಯು ಸುಟ್ಟೀತು. ಇನ್ನು ಕೆಲವು ಗಾಡಿಗಳು ಕೋಡ್ ಬಂದ ಮೇಲೆ ನಿಜವಾದ ಅಂಕಿ ಬಿಟ್ಟು ತಾವೇ ಊಹಿಸಿದ ಅಂಕಿ ತೋರಿಸುತ್ತವೆ. ಅದಕ್ಕೇ ಮೊದಲು ಕೋಡ್ ಅಳಿಸಿ, ಆಮೇಲೆ ನೋಡಿ.

ಮಲ್ಟಿಮೀಟರ್ ಇದ್ದರೆ ಸೆನ್ಸರನ್ನು ಬಿಚ್ಚಿ ಓಮ್‌ನಲ್ಲಿಟ್ಟು ಹೇರ್ ಡ್ರೈಯರಿನ ಗಾಳಿ ಬಿಡಿ. ಅಂಕಿ ಜಾರುಬಂಡೆಯಲ್ಲಿ ಜಾರಿದಂತೆ ಇಳಿಯಬೇಕು. ನಡುವೆ ಎಗರಿದರೆ, ನಿಂತು ಬಿಟ್ಟರೆ, ಒಳಗೆ ಬಿರುಕಿದೆ.

ಪಿ0111 ಬಂದರೆ ಮಾತ್ರ ಸ್ವಲ್ಪ ತಲೆನೋವು. ವೈರ್ ತುಂಡಾಗಿಲ್ಲ, ಅಂಕಿಯೂ ನಂಬುವಂತೆಯೇ ಇದೆ, ಆದರೆ ತಪ್ಪು. ಸೆನ್ಸರ್ ಮೇಲೆ ಎಣ್ಣೆ, ಮಸಿ ಮೆತ್ತಿಕೊಂಡು ಅದು ನಿಧಾನವಾಗಿರಬಹುದು. ಎಣ್ಣೆ ಸವರುವ ಬಗೆಯ ಏರ್ ಫಿಲ್ಟರ್ ಹಾಕಿದವರು ಮೊದಲು ಇದನ್ನೇ ನೋಡಬೇಕು. ಎಲೆಕ್ಟ್ರಾನಿಕ್ಸ್‌ಗೆಂದು ಮಾರುವ ಕ್ಲೀನರ್ ಸ್ಪ್ರೇ ಹೊಡೆದು ಒಣಗಲು ಬಿಡಿ. ಬಟ್ಟೆಯಿಂದ ತಿಕ್ಕಬೇಡಿ, ಮಣಿ ಮುರಿಯುತ್ತದೆ.

ಟರ್ಬೊ ಗಾಡಿಗಳಲ್ಲಿ ಇಂಥ ಸೆನ್ಸರ್ ಎರಡಿರಬಹುದು. ಎರಡನೆಯದರ ಕೋಡುಗಳು ಪಿ0095ರಿಂದ ಶುರು. ಕೋಡ್ ಒಂದರದ್ದು, ಬಿಚ್ಚಿದ್ದು ಇನ್ನೊಂದು ಎಂದಾಗಬಾರದು.

ರಿಪೇರಿ ಮುಗಿಸಿ ಕೋಡ್ ಅಳಿಸಿದ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ. ಗಾಡಿ ಒಂದು ರಾತ್ರಿ ತಣ್ಣಗೆ ನಿಲ್ಲಲಿ. ಬೆಳಗ್ಗೆ ಕೀ ತಿರುಗಿಸಿ ಆ ಎರಡು ಅಂಕಿಗಳನ್ನು ಮತ್ತೊಮ್ಮೆ ಜೊತೆಗಿಟ್ಟು ನೋಡಿ. ಮತ್ತೆ ಕನೆಕ್ಟರ್ ಕಳಚುವ ಸಂದರ್ಭ ಬಂದರೆ ಲಾಕ್ ಒತ್ತಿ, ಪ್ಲಾಸ್ಟಿಕ್ ಹಿಡಿದು ಎಳೆಯಿರಿ. ವೈರ್ ಹಿಡಿದಲ್ಲ.

ನಮಸ್ಕಾರ.