ಕರಡಿ ಇರಲಿ, ನೀರಿನ ಮಾತು ಹೇಳಿ

ನಮಸ್ಕಾರ್ರೀ. ಬರುವ ಜುಲೈನಲ್ಲಿ ನಾನು ಮತ್ತು ನನ್ನ ಗೆಳೆಯ ಅಲಾಸ್ಕಾಕ್ಕೆ ಹೊರಟಿದ್ದೇವೆ. ಗ್ಲೇಸಿಯರ್ ಬೇ ನ್ಯಾಷನಲ್ ಪಾರ್ಕ್. ಹಗಲೆಲ್ಲ ಸಮುದ್ರದಲ್ಲಿ ಕಯಾಕ್ (ಒಬ್ಬಿಬ್ಬರು ಕೂರುವ ಸಪೂರ ದೋಣಿ) ಹುಟ್ಟು ಹಾಕೋದು, ಸಂಜೆ ದಂಡೆಯಲ್ಲಿ ಟೆಂಟ್ ಹೊಡೆಯೋದು. ಆರು ದಿನ. ಈ ಸುದ್ದಿ ಹೇಳಿದಾಗಿನಿಂದ ಹುಬ್ಬಳ್ಳಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: “ಅಲ್ಲೆ ಕರಡಿ ಅದಾವಂತಲ್ಲೋ?”

ಅದಾವೆ. ಕಂದು ಕರಡಿ, ಕಪ್ಪು ಕರಡಿ ಎರಡೂ. ಆದರೆ ಐದು ತಿಂಗಳ ತಯಾರಿ ಆದ ಮೇಲೆ ನನಗೆ ನೀರಿನ ಹೆದರಿಕೆಯೇ ಜಾಸ್ತಿ.

ಕಾರಣ ಹೇಳುತ್ತೇನೆ. ನಾನು ಕಯಾಕ್ ಕಲಿತದ್ದು ದಾಂಡೇಲಿಯ ಕಾಳಿ ನದಿಯಲ್ಲಿ. ಅಲ್ಲಿ ಮಗುಚಿ ಬಿದ್ದರೆ ನಗು ಬರುತ್ತದೆ. ನೀರು ಬೆಚ್ಚಗಿರುತ್ತದೆ, ಎದ್ದು ಬಂದು ಚಹಾ ಕುಡೀತೀವಿ. ಗ್ಲೇಸಿಯರ್ ಬೇಯಲ್ಲಿ ಬೇಸಿಗೆಯಲ್ಲೂ ನೀರು 10 ಡಿಗ್ರಿ ದಾಟೋದು ಕಷ್ಟ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನ ಬಗ್ಗೆ ಒಂದು ಲೆಕ್ಕ ಹೇಳುತ್ತಾರೆ. 1, 10, 1. ಬಿದ್ದ ಕೂಡಲೇ ಉಸಿರು ಹಿಡಿತ ತಪ್ಪುತ್ತದೆ, ಅದು ಸುಧಾರಿಸಲು 1 ನಿಮಿಷ. ಕೈಕಾಲು ಮಾತು ಕೇಳೋದು ಹೆಚ್ಚೆಂದರೆ 10 ನಿಮಿಷ. ಪ್ರಜ್ಞೆ ಇರೋದು ಸುಮಾರು 1 ಗಂಟೆ. ಇದೂ ಅಂದಾಜೇ, ಜೊತೆಗೆ ಲೈಫ್ ಜಾಕೆಟ್ ಇದ್ದರೆ ಮಾತ್ರ ಆ ಗಂಟೆಗೆ ಅರ್ಥ.

10 ನಿಮಿಷ ಅಂದ್ರೆ ಎಷ್ಟು? ನಮ್ಮ ಹುಬ್ಬಳ್ಳಿಯ ಚಿಗರಿ ಬಸ್ಸು ಹೊಸೂರಿನಿಂದ ಉಣಕಲ್ ಮುಟ್ಟುವಷ್ಟು. ಅಷ್ಟರಲ್ಲಿ ಕಯಾಕ್ ನೆಟ್ಟಗೆ ಮಾಡಿ, ಒಳಗೆ ಹತ್ತಿ, ನೀರು ಹೊರಗೆ ಹಾಕಬೇಕು. ಒಂದು ದಿನ ಬಕೆಟ್‌ಗೆ ಐಸ್ ಸುರಿದು ಐದು ನಿಮಿಷ ಕೈ ಇಟ್ಟು ನೋಡಿದೆ. ಆಮೇಲೆ ಜಾಕೆಟ್ಟಿನ ಜಿಪ್ ಹಾಕಲು ಹೋದರೆ ಬೆರಳು ಯಾರದ್ದೋ ಅನ್ನಿಸಿತು. ಅವತ್ತೇ ಡ್ರೈಸೂಟ್ ಬಾಡಿಗೆಗೆ ದುಡ್ಡು ತೆಗೆದಿಟ್ಟೆ. ಕುತ್ತಿಗೆ, ಮಣಿಕಟ್ಟಿನ ಹತ್ತಿರ ರಬ್ಬರ್ ಪಟ್ಟಿ ಇರುವ, ನೀರು ಒಳಗೆ ಬಿಡದ ಉಡುಪು ಅದು. ಕರಡಿ ಓಡಿಸುವ ಗಂಟೆ ಕೊಳ್ಳುವವರನ್ನು ನೋಡಿದರೆ ನನಗೆ ಈಗ ಸಿಟ್ಟು ಬರುತ್ತದೆ. ಮೊದಲು ಸೂಟ್, ಮಾರಾಯ್ರೇ.

ಇನ್ನು ಬಟ್ಟೆ. ನಾವು ಹತ್ತಿ ಸೀಮೆಯವರು, ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಊರಿನವರು. ಹೇಳೋಕೆ ಬೇಜಾರು, ಆದರೆ ಅಲ್ಲಿಗೆ ಒಂದು ಕಾಟನ್ ಬನಿಯನ್ ಕೂಡ ಒಯ್ಯುವ ಹಾಗಿಲ್ಲ. ನೆಂದ ಹತ್ತಿ ಮೈಯ ಬಿಸಿ ಹೀರಿಬಿಡುತ್ತದೆ. ಆಗುಂಬೆಯ ಮಳೆ ಕಂಡವರಿಗೆ ಅಲ್ಲಿನ ಮಳೆ ದೊಡ್ಡದಲ್ಲ. ಆದರೆ ಅದು ಚಳಿಯ ಜೊತೆ ಬರುತ್ತದೆ, ದಿನಗಟ್ಟಲೆ ಬಿಡೋದಿಲ್ಲ. ರಾಣೆಬೆನ್ನೂರು ಕಡೆ ಕುರಿ ಕಾಯುವವರು ಸೋನೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿರುತ್ತಾರಲ್ಲ, ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಉಣ್ಣೆ ನೆಂದರೂ ಬೆಚ್ಚಗಿಡುತ್ತದೆ.

ಸರಿ, ಕರಡಿ. ಪಾರ್ಕಿನವರು ಕ್ಯಾಂಪ್ ಮಾಡುವವರಿಗೆ ಮೊದಲು ಪಾಠ ಹೇಳಿಯೇ ಪರ್ಮಿಟ್ ಕೊಡುತ್ತಾರೆ. ಕರಡಿಗೆ ತೆಗೆಯಲು ಬಾರದ ಗಟ್ಟಿ ಡಬ್ಬಿಯನ್ನೂ ಪುಕ್ಕಟೆ ಎರವಲು ಕೊಡುತ್ತಾರೆ. ಊಟ ಅಷ್ಟೇ ಅಲ್ಲ, ಸೋಪು, ಟೂತ್‌ಪೇಸ್ಟ್, ವಾಸನೆ ಬರುವ ಎಲ್ಲವೂ ಅದರೊಳಗೆ. ಅಡುಗೆ ಮಾಡೋದು ಟೆಂಟ್‌ನಿಂದ ನೂರು ಗಜ ದೂರ, ಸಮುದ್ರದ ಭರತ ಬಂದಾಗ ಮುಳುಗುವ ಜಾಗದಲ್ಲಿ. ಬಿದ್ದ ಅಗುಳನ್ನು ಸಮುದ್ರವೇ ತೊಳೆದುಬಿಡುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ? ಆದರೆ ಅದೇ ಭರತ ಅಲ್ಲಿ 25 ಅಡಿವರೆಗೆ ಏರಿಳಿಯುತ್ತದೆ. ಕಾರವಾರದಲ್ಲಿ ನಾವು ನೋಡಿದ್ದು ಏನೇನೂ ಅಲ್ಲ. ಕಯಾಕ್ ಎತ್ತಿ ಮೇಲೆ ಇಡದಿದ್ದರೆ ಬೆಳಗ್ಗೆ ಅದು ಇರೋದಿಲ್ಲ.

ಕರಡಿ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಲಗೇಜಿನಲ್ಲೂ ಇಲ್ಲ. ಒಲೆಯ ಗ್ಯಾಸೂ ಹಾಗೆಯೇ. ಎರಡನ್ನೂ ಅಲ್ಲೇ ಕೊಳ್ಳಬೇಕು. ಸ್ಪ್ರೇ ಅಂದ್ರೆ ಮೈಮೇಲೆ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರ, ಸೊಳ್ಳೆ ಎಣ್ಣೆಯ ಹಾಗೆ ಟೆಂಟಿಗೆ ಬಳಿಯೋದಲ್ಲ. ಪೊದೆ ಇರುವ ಕಡೆ ಜೋರಾಗಿ ಮಾತಾಡುತ್ತಾ ನಡೆಯಬೇಕು. ನಮ್ಮ ಕಡೆಯವರಿಗೆ ಅದರಲ್ಲಿ ತರಬೇತಿ ಬೇಕಿಲ್ಲ ಬಿಡಿ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹಗುರ, ಕೆಡೋದಿಲ್ಲ. ತೊಂದರೆ ಒಂದೇ. ಆ ಡಬ್ಬಿಯ ಬಾಯಿಗೆ ಇಡೀ ರೊಟ್ಟಿ ಹೋಗೋದಿಲ್ಲ. ಅವ್ವ ತಟ್ಟಿದ ರೊಟ್ಟಿಯನ್ನು ಅವಳೆದುರೇ ಮುರಿದು ತುಂಬಿ ತೋರಿಸಬೇಕಾಯಿತು. ಅವಳ ಮುಖ ನೋಡಬೇಕಿತ್ತು.

ನಿನ್ನೆ ಸ್ಲೀಪಿಂಗ್ ಬ್ಯಾಗ್ ಬಿಚ್ಚಿದೆ. ಒಳಗೆ ಅರ್ಧ ಕೆಜಿ ಧಾರವಾಡ ಪೇಡೆ. “ರಾತ್ರಿ ಹಸಿವಾದ್ರ ಇರ್ಲಿ ಅಂತ” ಅಂದಳು ಅವ್ವ. ಹೊರಡಲು ಇನ್ನೂ ಎರಡು ತಿಂಗಳಿದೆ, ಈಗಲೇ ಇಟ್ಟಿದ್ದಳು! ನಾನೂ ಗೆಳೆಯನೂ ಅಲ್ಲೇ ಕೂತು ಖಾಲಿ ಮಾಡಿದೆವು. ಬ್ಯಾಗನ್ನು ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದ್ದೇನೆ. ವಾಸನೆ ಇನ್ನೂ ಹೋಗಿಲ್ಲ.