ನಿಲ್ಲಬೇಕಾದಾಗ ನಿಲ್ಲುವ ಯಂತ್ರ

ನಮಸ್ಕಾರ. ಕರೆಂಟ್, ಲೇಸರ್, ರೇಡಿಯೇಷನ್ ಬಳಸಿ ಚಿಕಿತ್ಸೆ ಕೊಡುವ ಹೊಸ ಯಂತ್ರ ಬಂದಾಗಲೆಲ್ಲ ನಾವು ಅದರ ಶಕ್ತಿಯನ್ನೇ ಹೊಗಳುತ್ತೇವೆ. ನನ್ನ ತಕರಾರು ಇರುವುದೇ ಅಲ್ಲಿ. ಆ ಶಕ್ತಿಯನ್ನು ಸರಿಯಾದ ಹೊತ್ತಿಗೆ ತಡೆಯುವುದಿದೆಯಲ್ಲ, ಅದು ಇನ್ನೂ ದೊಡ್ಡ ಕೆಲಸ.

ಆಪರೇಷನ್ ಥಿಯೇಟರ್‌ನಲ್ಲಿ ಕಾಟರಿ ಅಂತಾರಲ್ಲ, ಅದನ್ನೇ ನೋಡಿ. ಕರೆಂಟಿನಿಂದ ಮಾಂಸ ಕೊಯ್ದು, ರಕ್ತ ನಿಲ್ಲಿಸುವ ಉಪಕರಣ. 1926ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ಹಾರ್ವೆ ಕುಶಿಂಗ್ ಎಂಬ ಸರ್ಜನ್, ವಿಲಿಯಂ ಬೋವಿ ಕಟ್ಟಿದ ಯಂತ್ರದಿಂದ ಒಬ್ಬ ರೋಗಿಯ ತಲೆಯ ಗೆಡ್ಡೆ ತೆಗೆದರು. ಕೆಲವೇ ದಿನ ಮೊದಲು ರಕ್ತ ಜಾಸ್ತಿ ಹರಿಯಿತೆಂದು ಅದೇ ಆಪರೇಷನ್ ಅರ್ಧಕ್ಕೇ ನಿಂತಿತ್ತು. ಈ ಕರೆಂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುತ್ತದೆ. ಆ ವೇಗಕ್ಕೆ ನರ, ಸ್ನಾಯು ಸ್ಪಂದಿಸುವುದಿಲ್ಲ. ಹಾಗಾಗಿ ಷಾಕ್ ಹೊಡೆಯದೆ ಬರೀ ಶಾಖ ಹುಟ್ಟುತ್ತದೆ.

ಸರಿ, ಒಳಗೆ ಹೋದ ಕರೆಂಟ್ ಹೊರಗೆ ಬರಬೇಕು ಅಲ್ವಾ? ಅದಕ್ಕೇ ರೋಗಿಯ ತೊಡೆಗೋ ಬೆನ್ನಿಗೋ ಅಗಲವಾದ ಒಂದು ಪ್ಯಾಡ್ ಅಂಟಿಸುತ್ತಾರೆ. ಕೊಯ್ಯುವ ತುದಿಯಲ್ಲೂ ಪ್ಯಾಡ್‌ನಲ್ಲೂ ಹರಿಯುವುದು ಒಂದೇ ಕರೆಂಟ್. ತುದಿಯಲ್ಲಿ ಚುಕ್ಕೆಯಷ್ಟು ಜಾಗಕ್ಕೆ ಒತ್ತರಿಸಿ ಬಂದು ಕೊಯ್ಯುತ್ತದೆ. ಪ್ಯಾಡ್‌ನಲ್ಲಿ ಹರಡಿಕೊಂಡು ಸುಮ್ನೆ ವಾಪಸ್ ಹೋಗುತ್ತದೆ. ಈಗ ಪ್ಯಾಡ್ ಅರ್ಧ ಕಿತ್ತುಬಂತು ಅಂತಿಟ್ಟುಕೊಳ್ಳಿ. ಅಂಟಿಕೊಂಡಿರುವ ಮೂಲೆಯಲ್ಲೇ ಅಷ್ಟೂ ಕರೆಂಟ್ ನುಗ್ಗಿ ಚರ್ಮ ಸುಡುತ್ತದೆ. ರೋಗಿಗೆ ಅರಿವಳಿಕೆ ಕೊಟ್ಟಿರುತ್ತಾರೆ, ಉರಿಯುತ್ತಿದೆ ಅಂತ ಹೇಳಲು ಆಗುವುದಿಲ್ಲ. ಮೇಲೆ ಬಟ್ಟೆ ಹೊದಿಸಿರುವುದರಿಂದ ಬೇರೆಯವರಿಗೂ ಕಾಣುವುದಿಲ್ಲ.

ಇದಕ್ಕೆ ಹುಡುಕಿದ ಪರಿಹಾರ ನನಗೆ ಬಹಳ ಇಷ್ಟ. ಪ್ಯಾಡನ್ನು ಎರಡು ಹೋಳು ಮಾಡಿದರು. ಎರಡರ ನಡುವೆ ತೀರಾ ಸಣ್ಣ ಕರೆಂಟ್ ಹರಿಸಿ, ಚರ್ಮ ಎಷ್ಟು ತಡೆಯೊಡ್ಡುತ್ತಿದೆ ಅಂತ ಯಂತ್ರ ಅಳೆಯುತ್ತಲೇ ಇರುತ್ತದೆ. ಅಂಟು ಬಿಡುತ್ತಿದ್ದಂತೆ ಅಳತೆ ಬದಲಾಗುತ್ತದೆ. ಅಲಾರಂ ಹೊಡೆಯುತ್ತದೆ, ಕಾಟರಿ ಬಂದ್. ಅಂಟಿನ ಒಂದು ತುಂಡಿನ ಬಗ್ಗೆ ಯಾರೋ ಇಷ್ಟು ಕಾಳಜಿಯಿಂದ ಯೋಚಿಸಿದ್ದಾರೆ!

ಇಂಥ ಕಾವಲನ್ನು ಬೇಡ ಅಂತ ತೆಗೆದವರೂ ಇದ್ದಾರೆ. ಥೆರಾಕ್-25 ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ಯಂತ್ರ. ಅದರ ಹಿಂದಿನ ಮಾದರಿ ಥೆರಾಕ್-20ರಲ್ಲಿ ತಪ್ಪಾದರೆ ಕಿರಣ ಹೊರಡದಂತೆ ತಡೆಯುವ ಪ್ರತ್ಯೇಕ ಹಾರ್ಡ್‌ವೇರ್ ಇತ್ತು. ಹೊಸದರಲ್ಲಿ ಅದನ್ನು ಕೈಬಿಟ್ಟು ಸಾಫ್ಟ್‌ವೇರನ್ನೇ ನಂಬಿದರು. 1985ರಿಂದ 1987ರ ಒಳಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಜನಕ್ಕೆ ಮಿತಿಮೀರಿದ ಡೋಸ್ ಬಿತ್ತು. ಕೆಲವರು ಸತ್ತೇ ಹೋದರು. ಟೆಕ್ಸಸ್‌ನಲ್ಲಿ ಪರದೆಯ ಮೇಲೆ ಬಂದದ್ದು 'ಮಾಲ್‌ಫಂಕ್ಷನ್ 54' ಅಂತ ಮಾತ್ರ. ಏನಾಯಿತು ಅಂತ ಆಪರೇಟರ್‌ಗೆ ಅದರಿಂದ ತಿಳಿಯುವಂತಿರಲಿಲ್ಲ. 'ಪಿ' ಕೀ ಒತ್ತಿದರೆ ಯಂತ್ರ ಮತ್ತೆ ಶುರುವಾಗುತ್ತಿತ್ತು. ಒತ್ತಿದರು. ಅದೇ ರೋಗಿಗೆ ಎರಡನೇ ಸಲ ಕಿರಣ ಬಡಿಯಿತು. ಆ ಆಪರೇಟರನ್ನು ನಾನು ದೂರುವುದಿಲ್ಲ.

ಥೆರಾಕ್-20ರಲ್ಲೂ ಅದೇ ಸಾಫ್ಟ್‌ವೇರ್ ತಪ್ಪು ಇತ್ತು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಬರೀ ಫ್ಯೂಸ್ ಹಾರುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ.

ಯಂತ್ರ ಕೊಳ್ಳುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಡೆಮೊ ಕೊಡಲು ಬಂದವರ ಹತ್ತಿರ ಯಂತ್ರ ಕೆಡುವುದನ್ನೂ ತೋರಿಸಿ ಅಂತ ಕೇಳಿ. ಪ್ಯಾಡ್ ಕಿತ್ತು ತೋರಿಸಲಿ, ತಪ್ಪು ಸೆಟ್ಟಿಂಗ್ ಹಾಕಿ ತೋರಿಸಲಿ. ಆಗ ಪರದೆಯ ಮೇಲೆ ಏನು ಬರುತ್ತದೆ, ಅದು ನರ್ಸ್‌ಗೆ ಅರ್ಥವಾಗುತ್ತದಾ ಅಂತ ಅಲ್ಲೇ ನಿಂತು ನೋಡಿ.