ಪಾಸ್‌ಪೋರ್ಟ್ ಯಾರ ಕೈಯಲ್ಲಿರಬೇಕು?

ಕೇಳುಗರಿಗೆ ನಮಸ್ಕಾರ.

ಭಟ್ಕಳ, ಕುಂದಾಪುರ, ಉಳ್ಳಾಲ, ಬಂಟ್ವಾಳ. ನಮ್ಮ ಕರಾವಳಿಯ ಈ ಊರುಗಳಲ್ಲಿ ಗಲ್ಫಿಗೆ ಹೋದವರು ಇಲ್ಲದ ಕೇರಿ ಹುಡುಕುವುದೇ ಕಷ್ಟ. ಆ ದುಡ್ಡಲ್ಲಿ ಎದ್ದ ಮನೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ದುಡಿದವರು ಅಲ್ಲಿ ಎಂಥ ಕಾನೂನಿನ ಕೆಳಗೆ ಬದುಕಿದರು ಅನ್ನುವುದು ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಅಲ್ಲಿ ಕಫಾಲಾ ಅಂತ ಒಂದು ಪದ್ಧತಿ ಇದೆ. ಕೆಲಸಕ್ಕೆ ಕರೆಸಿಕೊಂಡವನು ಕಫೀಲ್. ನಿಮ್ಮ ವೀಸಾ, ಅಲ್ಲಿ ಇರಲು ಬೇಕಾದ ಪರವಾನಗಿ ಅಂದರೆ ಇಕಾಮಾ, ಎರಡೂ ಅವನ ಹಿಡಿತದಲ್ಲಿ. ಸಂಬಳ ಸರಿಯಾಗಿ ಬರುತ್ತಿಲ್ಲ ಅಂದುಕೊಳ್ಳಿ. ಬೇರೆ ಕಡೆ ಸೇರೋಣ ಅಂದರೆ ಎಷ್ಟೋ ಸಲ ಅವನೇ ಒಪ್ಪಿಗೆ ಕೊಡಬೇಕು. ಕೆಲಸ ಬಿಟ್ಟು ಹೊರಗೆ ಬಂದರೆ, ‘ಓಡಿಹೋಗಿದ್ದಾನೆ’ ಅಂತ ದೂರು ಕೊಡುತ್ತಾನೆ. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ. ನಿನ್ನೆವರೆಗೆ ಎಲ್ಲ ಕಾಗದ ಸರಿಯಿದ್ದವನು ಇವತ್ತು ಅಕ್ರಮವಾಗಿ ಇರುವವನು! ಸಂಬಳ ಕೊಡದೆ ತಪ್ಪು ಮಾಡಿದವನು ಆರಾಮಾಗಿ ಮನೆಯಲ್ಲಿರುತ್ತಾನೆ, ಪೊಲೀಸರಿಗೆ ಹೆದರಬೇಕಾದವನು ದುಡಿದವನು. ಇದು ಯಾವ ನ್ಯಾಯ?

ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವುದು ಹೆಚ್ಚಿನ ಗಲ್ಫ್ ದೇಶಗಳ ಕಾನೂನಿನಲ್ಲೂ ತಪ್ಪೇ. ಆದರೂ ನಡೆಯುತ್ತದೆ. ವಿಮಾನ ಇಳಿದು ಬಂದವರಿಂದ ‘ಇಕಾಮಾ ಮಾಡಿಸಬೇಕು’ ಅಂತ ಇಸಿದುಕೊಳ್ಳುತ್ತಾರೆ, ಆಮೇಲೆ ವಾಪಸ್ ಕೊಡುವುದಿಲ್ಲ. ಮನೆಕೆಲಸಕ್ಕೆ ಹೋದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಕಂಪನಿಯಲ್ಲಾದರೆ ಜೊತೆಗೆ ನಾಲ್ಕು ಜನ ಇರುತ್ತಾರೆ. ಮನೆಯೊಳಗೆ ಬಾಗಿಲು ಹಾಕಿಕೊಂಡರೆ ಕೇಳುವವರು ಯಾರು? ಸೌದಿ 2021ರಲ್ಲಿ ಕೆಲಸ ಬದಲಿಸುವ ನಿಯಮ ಸಡಿಲಿಸಿದಾಗಲೂ ಮನೆಕೆಲಸದವರನ್ನು ಹೊರಗಿಟ್ಟಿತು. ಎಲ್ಲರಿಗಿಂತ ಜಾಸ್ತಿ ರಕ್ಷಣೆ ಬೇಕಾದವರನ್ನೇ ಬಿಟ್ಟರಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಬದಲಾವಣೆ ಆಗುವುದೇ ಇಲ್ಲ ಅಂತಲ್ಲ. ಕತಾರ್ 2020ರಲ್ಲಿ ಮಾಲೀಕನ ಒಪ್ಪಿಗೆ ಪತ್ರ ಇಲ್ಲದೆ ಕೆಲಸ ಬದಲಿಸಬಹುದು ಅಂತ ಕಾನೂನು ತಂದಿತು. 2021ರ ಮಾರ್ಚ್‌ನಿಂದ ಮನೆಕೆಲಸದವರಿಗೂ ಸೇರಿಸಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ ಗೊತ್ತುಮಾಡಿತು. ಅಲ್ಲೇ ನಡೆಯಬೇಕಿದ್ದ ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬಂದಿತ್ತು, ಜಗತ್ತೆಲ್ಲ ನೋಡುತ್ತಿತ್ತು. ಜಾರಿಯಲ್ಲಿ ಕೊರತೆ ಬೇಕಾದಷ್ಟಿದೆ. ಆದರೂ ಒತ್ತಾಯ ಮಾಡಿದರೆ ಕಾನೂನು ಅಲುಗಾಡುತ್ತದೆ ಅನ್ನುವುದು ಗೊತ್ತಾಯಿತಲ್ವಾ?

ಕುವೈತಿನ ಮಂಗಾಫ್ ನೆನಪಿದೆಯಾ? 2024ರ ಜೂನ್ 12ರ ನಸುಕಿನಲ್ಲಿ ಕೆಲಸಗಾರರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ಸುಮಾರು 50 ಜನ ಸತ್ತರು. ಹೆಚ್ಚಿನವರು ಭಾರತದವರು, ಹೊಗೆ ಕುಡಿದು ಉಸಿರುಗಟ್ಟಿದವರು. ಒಂದೊಂದು ಕೋಣೆಗೆ ಎಷ್ಟು ಜನ ಅಂತ ಕೇಳುವ ಧೈರ್ಯ ಕೆಲಸಗಾರನಿಗೆ ಎಲ್ಲಿಂದ ಬರಬೇಕು, ವೀಸಾ ಮಾಲೀಕನ ಕೈಯಲ್ಲಿರುವಾಗ?

ಈ ಕಷ್ಟದಲ್ಲಿ ನಮ್ಮ ಕಡೆಯ ಪಾಲೂ ಇದೆ. 1983ರ ನಮ್ಮ ವಲಸೆ ಕಾಯ್ದೆಯ ಪ್ರಕಾರ, ಹತ್ತನೇ ಕ್ಲಾಸು ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಅಂಥ ಹೆಂಗಸರು ಮನೆಕೆಲಸಕ್ಕೆ ಹೋಗಬೇಕಾದರೆ 30 ವರ್ಷ ಆಗಿರಬೇಕು. ಉದ್ದೇಶ ಒಳ್ಳೆಯದೇ. ಆದರೆ ಮನೆಯಲ್ಲಿ ಸಾಲ ಇದ್ದವಳು 30 ಆಗಲಿ ಅಂತ ಕಾಯುತ್ತಾಳಾ? ಏಜೆಂಟ್ ವಿಸಿಟ್ ವೀಸಾದಲ್ಲಿ ಕಳಿಸುತ್ತಾನೆ. ಕರಾರು ಇಲ್ಲ, ದಾಖಲೆ ಇಲ್ಲ, ಕಷ್ಟ ಬಂದರೆ ರಾಯಭಾರ ಕಚೇರಿಗೆ ಅವಳು ಅಲ್ಲಿದ್ದಾಳೆ ಅನ್ನುವುದೂ ಗೊತ್ತಿರುವುದಿಲ್ಲ. ಹೋಗಬೇಡ ಅಂತ ತಡೆಯುವ ಬದಲು, ಸರಿಯಾದ ದಾರಿಯಲ್ಲಿ ಹೋಗಲು ಜಿಲ್ಲೆಯಲ್ಲೇ ಸಹಾಯ ಸಿಗಬೇಕು.

ಹೊರಡುವವರು ದಯವಿಟ್ಟು ಇಷ್ಟು ಮಾಡಿ. ಏಜೆಂಟ್ ನೋಂದಣಿ ಆಗಿದ್ದಾನಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ಅವನು ಸೇವಾ ಶುಲ್ಕ ಅಂತ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷ ಕೇಳಿದರೆ ಎದ್ದು ಬನ್ನಿ. ‘ಫ್ರೀ ವೀಸಾ, ಹೋದ ಮೇಲೆ ಕೆಲಸ ನೋಡಿಕೊಳ್ಳಬಹುದು’ ಅಂದರೆ ನಂಬಬೇಡಿ. ಕಾಗದದಲ್ಲಿರುವ ಮಾಲೀಕನನ್ನು ಬಿಟ್ಟು ಬೇರೆಯವರ ಹತ್ತಿರ ದುಡಿದು ಸಿಕ್ಕಿಬಿದ್ದರೆ ದಂಡ ನಿಮಗೇ. ಪಾಸ್‌ಪೋರ್ಟ್, ವೀಸಾ, ಕರಾರಿನ ಝೆರಾಕ್ಸ್ ಮನೆಯಲ್ಲಿ ಬಿಟ್ಟು ಹೋಗಿ. ಈಗಾಗಲೇ ಅಲ್ಲಿ ಸಿಕ್ಕಿಹಾಕಿಕೊಂಡವರಿದ್ದರೆ, ಮನೆಯವರು ಇಲ್ಲಿಂದಲೇ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಬರೆಯಲು ಬಾರದಿದ್ದರೆ ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕೇಳಿ, ಬರೆದುಕೊಡುತ್ತಾಳೆ.

ನಮಸ್ಕಾರ.